ಒಲೆಯ ಮುಂದೆ ಬರೆದ ಮೀಟರು

ಕೂಡ್ಲಿಗಿಯ ಆ ಸಭೆಯಲ್ಲಿ ನಾನು ಎದ್ದು ನಿಂತು ಒಂದೇ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ ಇತ್ತು, ಎದ್ದರೆ ಬಿದ್ದು ಚೆಲ್ಲೀತು ಅಂತ ಸುಮ್ಮನೆ ಕೂತೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಡಬ್ಬಿಗೆ ಮುಚ್ಚಳ ಇತ್ತು. ತೆಗೆಯಲು ಚಮಚದ ಹಿಡಿ ಬೇಕಾಗುವಷ್ಟು ಬಿಗಿಯಾದ ಮುಚ್ಚಳ.

ಮಾತು ಬಾರದವಳೂ ನಾನಲ್ಲ. ಕೊಟ್ಟೂರು ಸಂತೆಯಲ್ಲಿ ತೂಕ ಮಾಡುವವನು ತಕ್ಕಡಿಗೆ ಬೆರಳು ಸೋಕಿಸಿದರೆ ನಾಲ್ಕು ಅಂಗಡಿ ಆಚೆಗೂ ಕೇಳುವಂತೆ ಜಗಳ ಆಡಿದವಳು. ಬಸ್ಸಿನಲ್ಲಿ ಸೀಟಿಗೆ ಜಗಳ, ನಲ್ಲಿಯಲ್ಲಿ ಕೊಡಕ್ಕೆ ಜಗಳ, ಅತ್ತೆಯ ಜೊತೆ ಯಾವುದಕ್ಕೂ ಬೇಡದ ಜಗಳ. ಬೇಕಾದ ಆ ಒಂದು ಗಳಿಗೆಯಲ್ಲಿ ಮಾತ್ರ ನನ್ನ ಬಾಯಿಗೂ ಆ ಡಬ್ಬಿಯ ಮುಚ್ಚಳವೇ ಕೂತಿತ್ತು.

ಅಣ್ಣ ತೀರಿಕೊಂಡು ವರ್ಷವಾಯಿತು. ಕೊಟ್ಟೂರಿನಲ್ಲಿ ಕಾಲೇಜಿನ ಹುಡುಗರಿಗೆ ಅವನು ಅರ್ಥಶಾಸ್ತ್ರ ಕಲಿಸುತ್ತಿದ್ದ. ಅವನ ಕೈಕೆಳಗೆ ಓದಿದವರು ಸೇರಿ ಅವನ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. "ನೀವೂ ಒಂದಿಷ್ಟು ಬರೀರಿ ಅಮ್ಮಾ" ಅಂದರು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಕೈಗೆ ಪುಸ್ತಕ ಕೊಟ್ಟು ಬರೆಯಲು ಹೇಳಿದರೆ ಏನಾಗುತ್ತದೆ ಎಂಬುದು ನಮ್ಮ ಮನೆತನಕ್ಕೆ ಗೊತ್ತಿರುವ ಸಂಗತಿ. ಆದರೂ ಒಪ್ಪಿಕೊಂಡೆ. ಅವನ ವಿದ್ವತ್ತಿನ ಬಗ್ಗೆ ಉಳಿದವರು ಬರೆಯುತ್ತಾರೆ. ಆ ವಿದ್ವತ್ತಿಗೆ ನೀರು ಬೆರೆಸಿದವಳ ಕಡೆಯಿಂದಲೂ ನಾಲ್ಕು ಪುಟ ಇರಲಿ. ಅವನ ಹೆಸರು ಮಾತ್ರ ಬರೆಯುವುದಿಲ್ಲ. ಅಣ್ಣನನ್ನು ಹೆಸರು ಹಿಡಿದು ಕರೆದು ರೂಢಿಯಿಲ್ಲ. ಈ ವಯಸ್ಸಿನಲ್ಲಿ ಶುರು ಮಾಡಿದರೆ ಚೆನ್ನಾಗಿರುವುದಿಲ್ಲ.

ಅಣ್ಣ ಉದ್ದಕ್ಕೆ, ತೆಳ್ಳಗೆ ಇದ್ದ. ಕತ್ತು ಯಾವಾಗಲೂ ಮೇಲೆ. ಗರ್ವದಿಂದಲ್ಲ, ಬಲ್ಬು ನೋಡಲು. ಯಾರ ಮನೆಗೆ ಹೋದರೂ ಹೊಸ್ತಿಲು ದಾಟುತ್ತಲೇ ಕತ್ತೆತ್ತಿ ಬಲ್ಬು ನೋಡುತ್ತಿದ್ದ. ಬಲ್ಬು ಇಲ್ಲದ ಮನೆಯಾದರೆ ಗೂಡಿನ ಚಿಮಣಿ ದೀಪ ನೋಡುತ್ತಿದ್ದ. "ಆರಾಮ ಅದೀರಾ" ಎಂದು ಕೇಳುವ ಜಾಗದಲ್ಲಿ "ಕರೆಂಟ್ ಎಷ್ಟೊತ್ತು ಇರ್ತೈತಿ?" ಅನ್ನುತ್ತಿದ್ದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಕರೆಂಟ್ ಕಂಬ ಎಣಿಸುತ್ತಿದ್ದ. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿತು ಅಂತ ಸಿಟ್ಟು.

ನನ್ನ ಮೊದಲ ಹೆರಿಗೆಗೆ ತವರಿಗೆ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ, ಹೋಗಿದ್ದೆ. ಕೂಸು ನೋಡಲು ಬಂದ ಅಣ್ಣ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, ಗೋಡೆಯ ದೀಪ ನೋಡಿ, "ಅವ್ವಾ, ಸೀಮೆಎಣ್ಣಿ ವಾರಕ್ಕ ಎಷ್ಟು ಬೇಕಾಗ್ತೈತಿ?" ಅಂದ.

ನಮ್ಮವ್ವ ಹಣೆ ಬಡಿದುಕೊಂಡಳು. "ಕೂಸಿನ ಮಾರಿ ನೋಡೋ ಮಾರಾಯಾ!"

"ನೋಡಾಕಂತಲೇ ಬಂದೀನಿ. ಕಾಣವಲ್ದು. ಅದ್ಕ ಕೇಳಿದ್ದು."

ಅವನ ಅರ್ಥಶಾಸ್ತ್ರ ಅಂದರೆ ಹೀಗೆ. ಬ್ಯಾಂಕು, ಷೇರು, ಚಿನ್ನ ಇವುಗಳ ಸುದ್ದಿ ಅವನ ಬಾಯಲ್ಲಿ ಕೇಳಿದ್ದು ಕಡಿಮೆ. ಕಟ್ಟಿಗೆ, ಸೀಮೆಎಣ್ಣೆ, ಕರೆಂಟು. ಮನುಷ್ಯ ಏನನ್ನು ಉರಿಸುತ್ತಾನೆ, ಅದು ಅವನ ಒಲೆಗೆ ಯಾರ ಯಾರ ಕೈ ದಾಟಿ ಬರುತ್ತದೆ, ಆ ಕೈಗಳಿಗೆ ಯಾರು ನಿಯಮ ಹಾಕಿದ್ದಾರೆ. ಇಷ್ಟನ್ನೇ ಹಿಡಿದು ಅವನು ಜೀವಮಾನ ಕಳೆದ. ನನಗೆ ಆಗ ಇದೊಂದು ಓದಿನ ಹಾಗೆ ಕಾಣುತ್ತಿರಲಿಲ್ಲ. ಕಟ್ಟಿಗೆಯ ಬಗ್ಗೆ ಮಾತಾಡಿದರೆ ಸಂಬಳ ಕೊಡುತ್ತಾರೆ ಅಂತಾದರೆ ನಮ್ಮತ್ತೆ ಎಂದೋ ಪ್ರಿನ್ಸಿಪಾಲ್ ಆಗುತ್ತಿದ್ದಳು ಅಂತ ನಗುತ್ತಿದ್ದೆ.

ಕೊಟ್ಟೂರಿಗೆ ಕೂಡ್ಲಿಗಿ ಕಡೆಯ ಕುರುಚಲು ಕಾಡಿನಿಂದ ಹೆಣ್ಣುಮಕ್ಕಳು ಕಟ್ಟಿಗೆ ಹೊರೆ ಹೊತ್ತು ಬರುತ್ತಿದ್ದರು. ಅಣ್ಣ ಬೆಳಗ್ಗೆ ಕಾಲೇಜಿಗೆ ಹೋಗುವ ಮೊದಲು ಅವರ ನಡುವೆ ನಿಂತು ಇವತ್ತು ಹೊರೆ ಹೇಗೆ, ನಿನ್ನೆ ಹೇಗಿತ್ತು, ಯಾಕೆ ಹೆಚ್ಚಾಯಿತು ಅಂತ ಕೇಳುತ್ತಿದ್ದ. "ಈ ಸಾರು ಕಟ್ಟಿಗಿ ತಗಳ್ಳಲ್ಲವ್ವ, ಬರೀ ಮಾತು ತಗಂತಾನ" ಎಂದು ಅವರು ನಗುತ್ತಿದ್ದರು. ಕೊನೆಗೆ ಒಬ್ಬ ಮುದುಕಿ ಗುಟ್ಟು ಬಿಟ್ಟುಕೊಟ್ಟಳು.

"ನಾವು ಮೊದ್ಲು ಸೀಮೆಎಣ್ಣಿ ಅಂಗಡಿ ಮುಂದ ಹಾದು ಬರ್ತೀವಿ ಸಾರ್. ಅಲ್ಲಿ ಮಂದಿ ಪಾಳಿ ಹಚ್ಚಿ ನಿಂತಿದ್ರ ಒಂದು ರೇಟು. ಎಣ್ಣಿ ಬಂದಿಲ್ಲ ಅಂತ ಬೈಕಂತ ಹೊಂಟಿದ್ರ ಇನ್ನೊಂದು ರೇಟು."

ಅಣ್ಣ ಆವತ್ತು ಕುಣಿದಾಡಿದ. "ನಾನು ಧಾರವಾಡದಾಗ ಎರಡು ವರ್ಷ ಓದಿದ್ದನ್ನ ಈಕಿ ಹಾದಿಯಾಗ ನಡ್ಕಂತ ಕಲ್ತಾಳ" ಅಂದ. ಮುದುಕಿ ಬಿಡಬೇಕಲ್ಲ. "ಹಂಗಾರ ಹೊರಿ ತಗಂಡು ಹೋಗು" ಅಂದಳು. ಕೋಟು ಹಾಕಿದ ಮೇಷ್ಟ್ರು ಸೈಕಲ್ಲಿನ ಹಿಂದೆ ಕಟ್ಟಿಗೆ ಹೇರಿಕೊಂಡು ಕ್ಲಾಸಿಗೆ ಹೋದದ್ದನ್ನು ಕೊಟ್ಟೂರಿನವರು ಬಹಳ ದಿನ ಹೇಳಿಕೊಂಡು ನಕ್ಕರು. ಅವನು ಆ ಹೊರೆಯನ್ನು ಹುಡುಗರ ಮುಂದೆ ಇಟ್ಟು ಪಾಠ ಮಾಡಿದನಂತೆ.

ಇನ್ನೊಂದು ಸಂಗತಿ ಹೇಳಬೇಕು. ನನ್ನ ಮೇಲೆ ಅವನಿಗೆ ವಿಶ್ವಾಸ ಹುಟ್ಟಿದ್ದು ಅದರಿಂದ, ಹಾಗಾಗಿ ನನ್ನ ಕೇಡಿನ ಬೇರು ಅಲ್ಲೇ ಇದೆ.

ನನ್ನನ್ನು ಕೊಟ್ಟದ್ದು ಕಾನಹೊಸಹಳ್ಳಿ ಹತ್ತಿರದ ಒಂದು ಹಳ್ಳಿಗೆ. ಅಲ್ಲಿ ರೇಷನ್ ಅಂಗಡಿಗೆ ಸೀಮೆಎಣ್ಣೆ ಬರುವ ದಿನ ಬೆಳಕು ಹರಿಯುವ ಮುಂಚೆ ಹೋಗಿ ಒಂದು ಕಲ್ಲು ಇಟ್ಟು ಬರುತ್ತಿದ್ದೆವು. ನಮ್ಮ ಬದಲು ಆ ಕಲ್ಲು ಸಾಲಿನಲ್ಲಿ ನಿಂತಿರುತ್ತಿತ್ತು. ನಾವು ಮನೆಗೆ ಹೋಗಿ ರೊಟ್ಟಿ ಬಡಿದು, ದನ ಬಿಟ್ಟು, ಅಂಗಡಿ ತೆರೆಯುವ ಹೊತ್ತಿಗೆ ಬಂದು ನಮ್ಮ ನಮ್ಮ ಕಲ್ಲಿನ ಹಿಂದೆ ನಿಲ್ಲುತ್ತಿದ್ದೆವು. ಒಮ್ಮೆ ಅಣ್ಣ ಬಂದಿದ್ದಾಗ ಇದನ್ನು ನೋಡಿ ಬೆರಗಾಗಿ ನಿಂತುಬಿಟ್ಟ.

"ಲೇ ತಂಗೀ, ಇಲ್ಲಿ ಪೊಲೀಸಿನೋನಿಲ್ಲ, ಅಂಗಡಿಯವನೂ ಬಂದಿಲ್ಲ. ಯಾರಾದ್ರೂ ಒಂದು ಕಲ್ಲು ಹಿಂದಕ್ಕ ಸರಿಸಿದ್ರ ಯಾರಿಗೆ ಗೊತ್ತಾಗ್ತೈತಿ? ಯಾಕ ಸರಿಸಲ್ಲ?"

ನಾನು ಕೊಡ ತಿಕ್ಕುತ್ತ, "ಮುಂದಿನ ಸಲ ನಮ್ಮ ಕಲ್ಲೂ ಅಲ್ಲೇ ಇರ್ತೈತಲ್ಲೋ ಅಣ್ಣಾ" ಅಂದೆ.

ಅಷ್ಟೇ ಅಂದದ್ದು. ಅವನು ಜೇಬಿನಿಂದ ಕಾಗದ ತೆಗೆದು ಅದನ್ನು ಬರೆದುಕೊಂಡ. ಕ್ಲಾಸಿನಲ್ಲಿ ಹುಡುಗರಿಗೆ ಹೇಳಿದ. "ಕಾಯ್ದೆ ಸರ್ಕಾರ ಮಾಡುತ್ತದೆ. ಆದರೆ ಅದು ನಿಲ್ಲುವುದು ನನ್ನ ತಂಗಿ ಹೇಳಿದ ಆ ಮಾತಿನ ಮೇಲೆ" ಅಂದನಂತೆ. ನನಗೆ ಇದು ಗೊತ್ತಾದ ಮೇಲೆ ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ. ಅತ್ತೆಗೆ ಮಜ್ಜಿಗೆ ಬಡಿಸುವಾಗಲೂ ಕಾಲೇಜಿನಲ್ಲಿ ಪಾಠವಾದವಳ ಹಾಗೆ ಬಡಿಸಿದೆ. "ಏನವಾ, ಕತ್ತು ಹಿಡದೈತೇನು?" ಅಂತ ಅವಳು ಕೇಳಿದಳು.

ಇನ್ನು ಮೀಟರಿನ ವಿಷಯ.

ಆ ಕಾಲಕ್ಕೆ ಬಾವಿಯ ಮೋಟಾರುಗಳಿಗೆ ಮೀಟರ್ ಇತ್ತು. ಅದನ್ನು ತೆಗೆದು, ಮೋಟಾರ್ ಎಷ್ಟು ಕುದುರೆ ಶಕ್ತಿಯದೋ ಅದಕ್ಕೆ ತಕ್ಕ ಹಾಗೆ ವರ್ಷಕ್ಕಿಷ್ಟು ಅಂತ ಕಟ್ಟಿಸಿಕೊಳ್ಳಲಿ ಎಂಬ ಕೂಗು ಎಲ್ಲ ಕಡೆ ಎದ್ದಿತ್ತು. ರೈತರಿಗೆ ಅದು ಬೇಕಾಗಿತ್ತು. ನಮ್ಮ ಮನೆಯವರಿಗೂ ಬೇಕಾಗಿತ್ತು. ಅಣ್ಣನೊಬ್ಬ ಬೇಡ ಅನ್ನುತ್ತಿದ್ದ.

"ನಿಮ್ಮಣ್ಣ ಸಂಬಳದೋನು. ಅವನಿಗೇನು ಗೊತ್ತೈತಿ ನೀರಿನ ಕಷ್ಟ" ಎಂದು ನಮ್ಮ ಮನೆಯವರು ಅವನ ಎದುರಿಗೇ ನನಗೆ ಹೇಳಿದ್ದರು.

ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ: "ಕರೆಂಟ್ ಕಡಿಮಿ ರೇಟಿಗೆ ಕೊಡ್ಲಿ, ಬೇಕಂದ್ರ ಪುಕ್ಕಟೆ ಕೊಡ್ಲಿ. ಅದ್ಕ ನಾನು ಬ್ಯಾಡ ಅನ್ನಲ್ಲ. ಆದ್ರ ಮೀಟರ್ ತೆಗಿಬ್ಯಾಡ್ರಿ. ಮೀಟರ್ ಅಂದ್ರ ಸರ್ಕಾರದ ಕಣ್ಣು ಅಂತ ತಿಳ್ಕಂಡೀರಿ. ಅಲ್ಲ, ಅದು ನಿಮ್ಮ ಬಾಯಿ. ಬೆಂಗಳೂರಾಗ ಕುಂತು ನಿಯಮ ಬರೆಯೋನಿಗೂ, ಇಲ್ಲಿ ಕಂಬ ಹತ್ತಿ ಫ್ಯೂಸ್ ಹಾಕೋನಿಗೂ ನಡುವೆ ಬಾಳ ದೂರ ಐತಿ. ಆ ದೂರದಾಗ ಕರೆಂಟ್ ಎಲ್ಲಿ ಹೋತು ಅಂತ ನಾಳೆ ಯಾರೂ ಹೇಳಂಗಿಲ್ಲ. 'ನಮಗ ಇಷ್ಟೇ ಬಂತ್ರಿ' ಅಂತ ನೀವು ಯಾವುದನ್ನ ತೋರ್ಸಿ ಕೇಳ್ತೀರಿ?"

ನಮ್ಮ ಮನೆಯವರು, "ತೋರ್ಸಿದ್ರ ಯಾರು ಕೇಳ್ತಾರ?" ಅಂದರು.

"ಕೇಳಂಗ ಮಾಡ್ತೀನಿ" ಅಂದ ಅಣ್ಣ.

ಇದನ್ನು ವಿಚಾರ ಮಾಡಲು ಸರ್ಕಾರದ ಒಂದು ಸಮಿತಿಯವರು ಸುತ್ತ ಮುತ್ತಲಿನ ತಾಲ್ಲೂಕುಗಳಿಗೆ ಬರುವವರಿದ್ದರು. ಅಣ್ಣ ಅವರಿಗೆ ಒಂದು ವರದಿ ಕೊಡಬೇಕೆಂದು ಹೊರಟ. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ತಿರುಗಿ ಏನೇನೋ ಕೂಡಿಹಾಕಿದ. ಆದರೆ ಒಂದು ಬಾವಿಗೆ ಒಂದು ವರ್ಷ ಪೂರ್ತಿ, ದಿನ ದಿನವೂ, ಎಷ್ಟು ಕರೆಂಟ್ ಬಂತು ಅನ್ನುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಅದು ಅವನಿಗೆ ಬೇಕಾಗಿತ್ತು. ರಟ್ಟಿನ ಹೊದಿಕೆಯ ಉದ್ದ ಪುಸ್ತಕವೊಂದನ್ನು ತಂದು, ತಾನೇ ಗೆರೆ ಹಾಕಿ, ನನ್ನ ಕೈಗೆ ಕೊಟ್ಟ.

"ದಿನಾ ಸಂಜಿಮುಂದ ಮೀಟರ್ ನಂಬರ್ ಬರಿ. ಅದರ ಪಕ್ಕ, ಇವತ್ತು ಕರೆಂಟ್ ಎಷ್ಟು ತಾಸು ಇತ್ತು ಅದನ್ನ ಬರಿ. ಬ್ಯಾರೆ ಯಾರ ಕೈಗೂ ಇದನ್ನ ಕೊಡಲ್ಲ ನಾನು. ಓದಿದೋರು ಚೆಂದ ಕಾಣ್ಲಿ ಅಂತ ತಿದ್ತಾರ. ನೀನು ಇದ್ದದ್ದು ಬರಿತಿ."

ಇದ್ದದ್ದು ಬರೆಯುವವಳು ನಾನು! ಆ ಮಾತಿಗೆ ಉಬ್ಬಿ, ಕಡ್ಡಿ ಮುರಿದ ಹಾಗೆ "ಹೂಂ" ಅಂದೆ.

ನಮ್ಮ ಬಾವಿ ಮನೆಯಿಂದ ದೂರ. ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದರ ಕೆಸರು ಮೊಣಕಾಲಿಗೆ ಬರುತ್ತದೆ, ಬೇಸಿಗೆಯಲ್ಲಿ ಜಾಲಿ ಮುಳ್ಳು. ಮೊದಲ ಎರಡು ತಿಂಗಳು ದಿನವೂ ಹೋದೆ. ಸೆರಗಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟರೆ ಹೊಲದಲ್ಲಿದ್ದ ಹೆಂಗಸರು "ಮೀಟರ್ ಮೇಡಂ ಬಂದ್ರು, ಎದ್ದು ನಿಲ್ಲ್ರೇ" ಅನ್ನುತ್ತಿದ್ದರು. ಅದೂ ಹಿತವಾಗಿಯೇ ಇತ್ತು. ಆಮೇಲೆ ಶೇಂಗಾ ಕೀಳುವ ಕಾಲ ಬಂತು. ಕೈಕೂಸು ಸೊಂಟ ಬಿಡುತ್ತಿರಲಿಲ್ಲ. ಒಂದು ದಿನ ಬಿಟ್ಟೆ, ಮರುದಿನ ಎರಡೂ ದಿನದ್ದು ಬರೆದೆ. ಆಮೇಲೆ ಒಂದು ವಾರ ಬಿಟ್ಟೆ. ಆಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಅಣ್ಣನ ತಂಗಿ ನಾನು, ಬುದ್ಧಿ ಇರದೆ ಹೋದೀತೇ?

ತಿಂಗಳಿಗೊಮ್ಮೆ ಬಾವಿಗೆ ಹೋಗಿ ಮೀಟರಿನ ನಿಜವಾದ ನಂಬರು ನೋಡಿಕೊಂಡು ಬರುತ್ತಿದ್ದೆ. ಹಿಂದಿನ ತಿಂಗಳದ್ದನ್ನು ಅದರಲ್ಲಿ ಕಳೆದು, ಉಳಿದದ್ದನ್ನು ನಡುವಿನ ದಿನಗಳಿಗೆ ಒಲೆಯ ಮುಂದೆ ಕೂತು ಹಂಚುತ್ತಿದ್ದೆ. ಪಂಕ್ತಿಯಲ್ಲಿ ಸಾರು ಬಡಿಸಿದ ಹಾಗೆ, ಎಲ್ಲ ತಟ್ಟೆಗೂ ಒಂದೊಂದು ಸೌಟು. ಅಣ್ಣ ಗೆರೆ ಹಾಕಿದ್ದ ತಾಸಿನ ಮನೆಯಲ್ಲಿ ನಾಲ್ಕು ಅಂತ ಬರೆಯುತ್ತಿದ್ದೆ. ಎಲ್ಲ ನಾಲ್ಕೇ ಆದರೆ ಅನುಮಾನ ಬಂದೀತು ಅಂತ ಅಲ್ಲೊಂದು ಮೂರೂವರೆ, ಇಲ್ಲೊಂದು ಐದು ಹಾಕುತ್ತಿದ್ದೆ, ಒಗ್ಗರಣೆಗೆ. ಕೂಡಿಸಿದರೆ ಲೆಕ್ಕ ಸರಿ. ಮೋಸ ಅಂತ ನನಗೆ ಅನ್ನಿಸಲೇ ಇಲ್ಲ. ತಿಂಗಳ ಮೊತ್ತ ನಿಜ ಇದ್ದಮೇಲೆ ಒಳಗಿನ ದಿನ ಹೇಗಿದ್ದರೇನು? ಊಟ ಆಯಿತೋ ಇಲ್ಲವೋ ಅಂತ ಕೇಳುತ್ತಾರೆ, ಯಾವ ತುತ್ತು ಎಷ್ಟು ದೊಡ್ಡದಿತ್ತು ಅಂತ ಯಾರಾದರೂ ಕೇಳುತ್ತಾರೆಯೇ?

ಆ ವರ್ಷ ಮುಂಗಾರಿನಲ್ಲಿ ತಮ್ಮನ ಮಗಳ ತೊಟ್ಟಿಲಿಗೆ ಅಂತ ಅರಸೀಕೆರೆಗೆ ಹೋದವಳು ಮೂರು ವಾರ ಕೂತುಬಿಟ್ಟೆ. ವಾಪಸು ಬಂದಾಗ ಹೊಲ ಹಸಿರಾಗಿತ್ತು. ಮೋಟಾರ್ ಚೆನ್ನಾಗಿ ಓಡಿದೆ ಅಂದುಕೊಂಡೆ. ಮೀಟರ್ ನೋಡಿದರೆ ನಂಬರು ಅಷ್ಟೇನೂ ಏರಿರಲಿಲ್ಲ. ನಡುವೆ ಮಳೆಯೂ ಬಿದ್ದಿರಬೇಕು ಅಂತ, ಇದ್ದದ್ದನ್ನೇ ತೆಳ್ಳಗೆ ಮಾಡಿ ಮೂವತ್ತು ದಿನಕ್ಕೂ ಬಡಿಸಿದೆ. ತಾಸಿನ ಮನೆಯಲ್ಲಿ ನಾಲ್ಕು, ನಾಲ್ಕು, ನಾಲ್ಕು.

ಅತ್ತೆ ಬಂದು ಇಣುಕಿದಳು. "ಏನ್ ಬರಿತಿಯವಾ?"

"ಕರೆಂಟಿನ ಲೆಕ್ಕ ಅತ್ತಿ."

"ಕರೆಂಟ್ ಎಲ್ಲಿತ್ತವಾ ಊರಾಗ?"

ಈ ಮಾತು ಕೇಳಿ ನಾನು ಎಚ್ಚರ ಆಗಬೇಕಾಗಿತ್ತು. ಆದರೆ ನಮ್ಮತ್ತೆ ಇದನ್ನು ದಿನವೂ ಹೇಳುತ್ತಿದ್ದಳು. ತಲೆಯ ಮೇಲೆ ಬಲ್ಬು ಉರಿಯುತ್ತಿದ್ದಾಗಲೂ "ಕರೆಂಟ್ ಎಲ್ಲೈತವಾ" ಅನ್ನುವುದು ಅವಳ ಬಾಯಿಪಾಠ. ನಾನು ತಲೆ ಎತ್ತದೆ ಮುಂದಿನ ನಾಲ್ಕು ಬರೆದೆ. ಜೀವಮಾನದಲ್ಲಿ ಒಮ್ಮೆ ನಮ್ಮತ್ತೆ ಸರಿಯಾದ ಮಾತು ಹೇಳಿದ್ದಳು. ಆ ದಿನವೇ ನಾನು ಅವಳ ಮಾತು ಕೇಳಲಿಲ್ಲ.

ವರ್ಷ ತುಂಬಿತು. ಅಣ್ಣ ಪುಸ್ತಕ ಒಯ್ದ. ಪುಟ ತಿರುವುತ್ತ, "ಒಂದು ದಿನಾನೂ ಬಿಟ್ಟಿಲ್ಲಲ್ಲಲೇ!" ಅಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ನಾಚಿಕೊಂಡವಳ ಹಾಗೆ ಒಳಗೆ ಹೋದೆ.

ಸಮಿತಿಯ ಸಭೆ ಕೂಡ್ಲಿಗಿಯಲ್ಲಿ ಅಂತ ಗೊತ್ತಾದಾಗ ನಾನೂ ಹೊರಟೆ. ಅಣ್ಣ ದೊಡ್ಡವರ ಮುಂದೆ ಮಾತಾಡುವುದನ್ನು ನೋಡಬೇಕಾಗಿತ್ತು. ನಿಜ ಹೇಳುತ್ತೇನೆ, ನನ್ನ ಪುಸ್ತಕವನ್ನು ದೊಡ್ಡವರು ಕೈಯಲ್ಲಿ ಹಿಡಿಯುವುದನ್ನೂ ನೋಡಬೇಕಾಗಿತ್ತು. ಬೆಳಗ್ಗೆ ಎದ್ದು ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ತುಂಬಿ, ಕಾನಹೊಸಹಳ್ಳಿಯಲ್ಲಿ ಬಸ್ ಹತ್ತಿ, ಸಭೆಯ ಹಿಂದಿನ ಸಾಲಿನಲ್ಲಿ ಹೋಗಿ ಕೂತೆ.

ಅಣ್ಣ ಚೆನ್ನಾಗಿ ಮಾತಾಡಿದ. ಮೀಟರ್ ರೈತನ ಬಾಯಿ ಅನ್ನುವ ಮಾತು ಹೇಳಿದಾಗ ಬೈಯಲು ಬಂದಿದ್ದ ರೈತರೂ ಸುಮ್ಮನಾದರು. ಆಮೇಲೆ ಪುಸ್ತಕ ಎತ್ತಿ ತೋರಿಸಿದ. ಯಾರ ಬಾವಿ ಅಂತ ಹೇಳಲಿಲ್ಲ, ಊರು ಮಾತ್ರ ಹೇಳಿದ. "ಒಂದು ವರ್ಷ, ಒಂದು ದಿನವೂ ತಪ್ಪದ ಲೆಕ್ಕ" ಅಂದ.

ಮೇಜಿನ ಆಚೆ ಕೂತಿದ್ದ ಕರೆಂಟ್ ಇಲಾಖೆಯ ಅಧಿಕಾರಿಯೊಬ್ಬರು ಪುಸ್ತಕ ತರಿಸಿಕೊಂಡರು. ತಮ್ಮ ಬಳಿ ಇದ್ದ ಕಾಗದವನ್ನೂ ಅದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಒಳ್ಳೆಯ ಮನುಷ್ಯನೇ, ದನಿ ಏರಿಸಲಿಲ್ಲ.

"ಮೇಷ್ಟ್ರೇ, ಒಂದು ಸಣ್ಣ ಅನುಮಾನ. ಈ ಊರಿನ ಟ್ರಾನ್ಸ್‌ಫಾರ್ಮರ್‌ಗೆ ಮುಂಗಾರಿನಲ್ಲಿ ಸಿಡಿಲು ಬಡಿದು ಹದಿನೆಂಟು ದಿನ ಕರೆಂಟ್ ಇರಲಿಲ್ಲ. ಹೊಸದನ್ನು ಹಾಕಿಸಿದವನು ನಾನೇ. ನಿಮ್ಮ ಪುಸ್ತಕದಲ್ಲಿ ಆ ಹದಿನೆಂಟು ದಿನವೂ ನಾಲ್ಕು ನಾಲ್ಕು ತಾಸು ಕರೆಂಟ್ ಇದೆಯಲ್ಲ? ಟ್ರಾನ್ಸ್‌ಫಾರ್ಮರ್ ಇಲ್ಲದೆ ಕರೆಂಟ್ ಕೊಟ್ಟ ನಮಗೆ ನೀವು ಹಾರ ಹಾಕಬೇಕಾಗಿತ್ತು."

ಸಭೆ ನಕ್ಕಿತು. ನಡುವಿನಿಂದ ಒಬ್ಬ ಎದ್ದು, "ಮೇಷ್ಟ್ರೇ, ಅಂಥ ಮೀಟರ್ ನಮಗೂ ಒಂದು ಕೊಡಿಸ್ರಿ! ಲೈನ್ ಇಲ್ದ ನೀರು ಹಾಯಿಸ್ಕಂತೀವಿ!" ಎಂದು ಕೂಗಿದ. ಮತ್ತೆ ನಗು.

ಆಗ ನನಗೆ ತಿಳಿಯಿತು. ಹೊಲ ಹಸಿರಾಗಿದ್ದದ್ದು ಮೋಟಾರಿನಿಂದಲ್ಲ. ಆ ಸಿಡಿಲು ತಂದ ಮಳೆಯಿಂದ.

"ಯಾರು ಬರೆದದ್ದು ಇದನ್ನು?" ಅಧಿಕಾರಿ ಕೇಳಿದರು.

ಅಣ್ಣ ಕತ್ತೆತ್ತಿದ. ಬಲ್ಬು ನೋಡಲಿಲ್ಲ. ಸಾಲು ಸಾಲು ದಾಟಿ ಬಂದ ಅವನ ಕಣ್ಣು ನನ್ನ ಮೇಲೆ ನಿಂತಿತು. ವೋಲ್ಟೇಜ್ ಇಳಿದು ದೀಪ ಒಮ್ಮೆ ಮಂಕಾಗಿ ಮತ್ತೆ ಏರುತ್ತದಲ್ಲ, ಅಷ್ಟು ಹೊತ್ತು. ಇದು ನಾನು ಏಳಬೇಕಾಗಿದ್ದ ಹೊತ್ತು. ನಾನು ಡಬ್ಬಿಯ ಮುಚ್ಚಳ ನೋಡಿದೆ.

"ನಾನೇ" ಅಂದ ಅಣ್ಣ. "ನಕಲು ಮಾಡುವಾಗ ತಪ್ಪಿದ್ದೇನೆ. ತಪ್ಪು ನನ್ನದು."

ಪುಸ್ತಕವನ್ನು ಅವನಿಗೆ ವಾಪಸು ಕೊಟ್ಟರು. ವರದಿಯನ್ನು ಮೇಜಿನ ಮೂಲೆಗಿಟ್ಟರು.

ಸಭೆ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ನಾನು ಡಬ್ಬಿ ಮುಂದಿಟ್ಟೆ. ಅವನೇ ಮುಚ್ಚಳ ತೆಗೆದ. ಎರಡು ಹೋಳಿಗೆ ತಿಂದ. "ಬೆಲ್ಲ ಒಂಚೂರು ಮುಂದಾಗೇತಿ ನೋಡು" ಅಂದ. ಆವತ್ತು ಅವನು ನನ್ನಲ್ಲಿ ಎಣಿಸಿದ ತಪ್ಪು ಅದೊಂದೇ.

ನಂತರದ ವಾರ ಅಣ್ಣ ನಮ್ಮೂರಿಗೆ ಬಂದ. ಏನೂ ಕೇಳಲಿಲ್ಲ. "ಬಾವಿ ಕಡಿ ಒಂದ್ ಸುತ್ತು ಹೋಗಿ ಬರ್ತೀನಿ" ಅಂತ ಒಬ್ಬನೇ ಹೋದ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದ. ನಮ್ಮ ಮನೆಯವರಿಗೆ, "ಹಳ್ಳಕ್ಕ ನಾಲ್ಕು ಕಲ್ಲು ಹಾಸಿಸ್ರಿ. ಹೆಣ್ಣುಮಕ್ಕಳು ಓಡಾಡ್ತಾರ" ಅಂದ. ಕಾಲು ತೊಳೆಯಲು ನೀರು ಕೊಟ್ಟೆ. ಅಷ್ಟನ್ನಾದರೂ ಕೊಟ್ಟೆ.

ಮೀಟರುಗಳು ಮುಂದೆ ಹೋದವು. ನನ್ನ ಪುಸ್ತಕದಿಂದಲೇ ಹೋದವು ಅಂತ ಹೇಳಿಕೊಂಡರೆ ಅದು ಜಂಬ ಆದೀತು. ಅವು ಹೇಗೂ ಹೋಗುತ್ತಿದ್ದವು. ಆದರೆ ಅಣ್ಣ ಹೇಳಿದ ಮಾತು ಅಣ್ಣನ ಹೆಸರಿನ ಜೊತೆ ಕಾಗದದ ಮೇಲೆ ಉಳಿಯಬಹುದಿತ್ತು. ಅದು ಉಳಿಯಲಿಲ್ಲ. ಸಮಿತಿಯವರು ಅವನನ್ನು ಮತ್ತೆ ಕರೆಯಲಿಲ್ಲ. ಕೆಲವರು ಅವನನ್ನು "ಸಿಡಿಲು ಮೇಷ್ಟ್ರು" ಅಂತ ಕರೆದರು. ಅವನೂ ಅಂಥ ಸಭೆಗಳಿಗೆ ಹೋಗುವುದನ್ನು ಬಿಟ್ಟ. ನಮ್ಮ ಮನೆಯ ಬಲ್ಬು ನೋಡುವುದನ್ನು ಮಾತ್ರ ಬಿಡಲಿಲ್ಲ. ವರ್ಷ ವರ್ಷವೂ ಬಂದ, ಉಂಡ, ನಕ್ಕ. ನಾನು ಹೇಳಬೇಕು ಅಂದುಕೊಂಡೆ, ಪ್ರತಿ ಸಲವೂ ಹೋಳಿಗೆ ಮಾಡಿದೆ. ನಮ್ಮಣ್ಣನಿಗೆ ನಾನು ಬಡಿಸಿದ ಹೋಳಿಗೆಯಲ್ಲಿ ಅರ್ಧಕ್ಕರ್ಧ ಹೇಳದೆ ಉಳಿದ ಮಾತೇ. ಬೆಲ್ಲ ಮುಂದಾಗದೆ ಏನಾದೀತು?

ಅವನು ನಿವೃತ್ತನಾದಾಗ ಕಾಲೇಜಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಊಟದ ಹೊತ್ತಿನಲ್ಲಿ ಅವನ ಹಳೆಯ ಶಿಷ್ಯನೊಬ್ಬ ನನ್ನ ಪಕ್ಕ ಕೂತ. ಆಗಲೇ ಅವನೂ ಹರಪನಹಳ್ಳಿ ಕಡೆ ಮೇಷ್ಟ್ರಾಗಿದ್ದ. ನಾನು ತಂಗಿ ಅಂತಷ್ಟೇ ಅವನಿಗೆ ಗೊತ್ತು.

"ಸರ್ ನಮಗೆ ವರ್ಷ ವರ್ಷವೂ ಒಂದು ಕಥೆ ಹೇಳೋರು ನೋಡ್ರಿ ಅಮ್ಮಾ" ಅಂದ. "ಯಾವುದೇ ಅಂಕಿ ಕೈಗೆ ಬಂದ್ರೆ, ಮೊದಲು ಅದನ್ನ ಬರೆದೋರ ಅಡುಗೆ ಮನೆಯಿಂದ ಮೀಟರ್‌ವರೆಗೆ ನಡೆದು ನೋಡ್ರಿ ಅನ್ನೋರು. ತಾವು ಒಮ್ಮೆ ನಡೆದಿದ್ರಂತೆ. ಎಂಟುನೂರು ಹೆಜ್ಜೆ, ನಡುವೆ ಒಂದು ಹಳ್ಳ. ಅಡುಗೆ ಮಾಡಿ, ಹಾಲು ಹಿಂಡಿ, ಕೂಸು ಎತ್ತಿಕೊಂಡು ಆ ಹಾದಿ ನಡೆಯ್ರಿ ಅಂತ ನಿಯಮ ಮಾಡಿದ ನಾನೇ ದಡ್ಡ ಅನ್ನೋರು. ಯಾಕೆ ಅಂತ ತಿಳಿಸದೆ, ಏನೂ ಕೊಡದೆ ಲೆಕ್ಕ ಬರೀರಿ ಅಂದ್ರೆ ಮಂದಿ ಬರಿತಾರೆ. ಆದ್ರೆ ಅವರು ಬರಿಯೋದು ಲೆಕ್ಕ ಅಲ್ಲ, ಕೇಳಿದೋರಿಗೆ ಕೊಡೋ ಮರ್ಯಾದಿ. ಅದು ಸರ್ಕಾರಕ್ಕೂ ಅನ್ವಯ ಆಗುತ್ತೆ ಅನ್ನೋರು."

ನನ್ನ ಎಲೆಯ ಮೇಲೆ ಪಾಯಸ ಹರಿದು ಅನ್ನದೊಳಕ್ಕೆ ಹೋಗುತ್ತಿತ್ತು. ಕೆಸರಿನ ಕಾಲು ನೆನಪಾಯಿತು. ಅವನು ಆವತ್ತು ಹೆಜ್ಜೆ ಎಣಿಸುತ್ತ ಹೋಗಿದ್ದ. ಎಲ್ಲ ಗೊತ್ತಿತ್ತು. ಗೊತ್ತಿದ್ದು, ನನ್ನ ತಪ್ಪನ್ನು ಎತ್ತಿ ತನ್ನ ತಪ್ಪಿನ ಸಾಲಿನಲ್ಲಿ ಇಟ್ಟುಕೊಂಡಿದ್ದ. ಅದರಿಂದ ನನಗೆ ಹಗುರ ಆಗಬೇಕಾಗಿತ್ತು. ಆಗಲಿಲ್ಲ. ಹಾದಿ ದೂರ ಇದ್ದದ್ದು ನಿಜ. ಆದರೆ ಆ ಸಭೆಯಲ್ಲಿ ನನ್ನ ಕುರ್ಚಿಯಿಂದ ಅವನಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಹಳ್ಳವೂ ಇರಲಿಲ್ಲ.

ಆ ಸಂಜೆ ಅವನ ಮನೆಯಲ್ಲೇ ಉಳಿದೆ. ಅವನ ಕಣ್ಣಿಗೆ ಪೊರೆ ಬಂದಿತ್ತು. ನಡುಮನೆಯ ಗೋಡೆಯ ಮೇಲೆ ಮೀಟರ್. ದಿನವೂ ಅದನ್ನು ಬರೆದಿಡುವ ಚಟ ಅವನಿಗೆ ಹೋಗಿರಲಿಲ್ಲ. ದಿನವೂ ಅತ್ತಿಗೆ ನೋಡಿ ಹೇಳುತ್ತಿದ್ದಳಂತೆ. ಆವತ್ತು ಅತ್ತಿಗೆ ಗುಡಿಗೆ ಹೋಗಿದ್ದಳು.

"ತಂಗೀ, ಸ್ಟೂಲ್ ಹಾಕ್ಕಂಡು ಮೀಟರ್ ಎಷ್ಟೈತಿ ನೋಡವ್ವ" ಅಂದ.

ನನ್ನ ಮೈಗೆ ಆ ಸ್ಟೂಲ್ ಆಗುವಂಥದ್ದಲ್ಲ. ಗೋಡೆ ಹಿಡಿದು ಹತ್ತಿದೆ. ಗಾಜು ಒರೆಸಿದೆ. ಒಂದೊಂದೇ ಅಂಕಿಯನ್ನು ಎರಡೆರಡು ಸಲ ನೋಡಿ ಹೇಳಿದೆ. ಅವನು ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಬರೆದುಕೊಂಡ.

"ಅಣ್ಣಾ, ನೀನೂ ಒಮ್ಮಿ ನೋಡ್ಕ. ನನ್ನ ಮ್ಯಾಲೆ ಬಿಡಬ್ಯಾಡ."

"ನೀನು ನೋಡಿದ್ಮ್ಯಾಲೆ ನಾನ್ಯಾಕ ನೋಡ್ಲಿ?" ಅಂದ. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

ನಾನು ಸ್ಟೂಲಿನ ಮೇಲೇ ನಿಂತಿದ್ದೆ. ಕೈ ಮೀಟರಿನ ಪೆಟ್ಟಿಗೆ ಹಿಡಿದಿತ್ತು. ಕೂಡ್ಲಿಗಿಯಲ್ಲಿ ಎದ್ದು ನಿಲ್ಲದವಳು ಇಲ್ಲಿ ಎದ್ದು ನಿಂತೇ ಇದ್ದೆನಲ್ಲ. ಇಳಿದರೆ ಅಡುಗೆ ಮನೆಗೆ ಹೋಗಿ ಮತ್ತೆ ಏನಾದರೂ ಸಿಹಿ ಮಾಡಿಬಿಡುತ್ತೇನೆ ಅಂತ ನನಗೆ ಗೊತ್ತಿತ್ತು. ಇಳಿಯಲಿಲ್ಲ.

"ಅಣ್ಣಾ, ಆ ಪುಸ್ತಕ ನಾನು ಬಾವಿಗೆ ಹೋಗಿ ಬರ್ದದ್ದಲ್ಲ. ಒಲಿ ಮುಂದ ಕುಂತು ಬರ್ದದ್ದು. ಅದು ಹ್ವಾದ್ರ ಹೋಗ್ಲಿ. ಕೂಡ್ಲಿಗ್ಯಾಗ ನೀನು ನನ್ನ ಕಡಿ ನೋಡಿದಾಗ, ನಾನು ಎದ್ದು 'ನಾನ್ರೀ ಬರ್ದದ್ದು' ಅನ್ಬೇಕಾಗಿತ್ತು. ಅನ್ಲಿಲ್ಲ. ಮಂದಿ ನಿನ್ನ ನೋಡಿ ನಗೋ ಹೊತ್ತಿನಾಗ ನಾನು ಡಬ್ಬಿ ಹಿಡ್ಕಂಡು ಕುಂತಿದ್ದೆ. ತಪ್ಪಾತು ಅಣ್ಣಾ. ನಂದು ತಪ್ಪಾತು."